ಮತವಿಲ್ಲದ ಮಹಾಸಭೆ

1964ರ ಡಿಸೆಂಬರ್ 1ರಂದು, ನ್ಯೂಯಾರ್ಕಿನ ಈಸ್ಟ್ ನದಿಯ ದಂಡೆಯ ಮೇಲೆ ವಿಶ್ವಸಂಸ್ಥೆಯ ಹತ್ತೊಂಬತ್ತನೆಯ ಮಹಾಸಭೆ ನೆರೆಯಿತು. ವಾಡಿಕೆಯಂತೆ ಸೆಪ್ಟೆಂಬರಿನಲ್ಲಿ ಸೇರಬೇಕಾಗಿದ್ದ ಸಭೆ ಅದು. ಅಧ್ಯಕ್ಷಪೀಠವನ್ನು ಏರಿದವರು ಘಾನಾದ ಅಲೆಕ್ಸ್ ಕ್ವೇಸನ್-ಸ್ಯಾಕಿ. ಸಹಾರಾ ಮರುಭೂಮಿಯ ತೆಂಕಣ ಆಫ್ರಿಕದಿಂದ ಬಂದು ಆ ಪೀಠದಲ್ಲಿ ಕುಳಿತವರಲ್ಲಿ ಅವರೇ ಮೊದಲಿಗರು. ಅವರ ದೇಶ ಸ್ವತಂತ್ರವಾಗಿ ಆಗಿನ್ನೂ ಏಳು ವರ್ಷ ಕಳೆದಿತ್ತು. ಆದರೆ ಅವರ ಆಯ್ಕೆಗೆ ಯಾರೂ ಮತ ಹಾಕಲಿಲ್ಲ. ಇಡೀ ಸಭೆಯ ಒಕ್ಕೊರಲಿನ ಸಮ್ಮತಿಯಿಂದ ಅವರು ಅಧ್ಯಕ್ಷರಾದರು. ಮತ ಎಂಬ ಮಾತೆತ್ತಿದರೆ ಸಂಸ್ಥೆಯೇ ಒಡೆದುಹೋದೀತು ಎಂಬ ಭಯ ಅಂದು ಆ ಸಭಾಂಗಣವನ್ನು ಕವಿದಿತ್ತು.

ಭಯದ ಬೇರು ಲೆಕ್ಕದ ಪುಸ್ತಕದಲ್ಲಿತ್ತು. ಸಂಸ್ಥೆಯ ವೆಚ್ಚವನ್ನು ಮಹಾಸಭೆ ಹಂಚಿಕೊಟ್ಟಂತೆ ಸದಸ್ಯರು ಹೊರತಕ್ಕದ್ದು ಎನ್ನುತ್ತದೆ ಸನ್ನದಿನ 17ನೆಯ ವಿಧಿ. ಎರಡು ವರ್ಷದ ವಂತಿಗೆಯಷ್ಟು ಬಾಕಿ ಬೆಳೆಸಿಕೊಂಡವರಿಗೆ ಮಹಾಸಭೆಯಲ್ಲಿ ಮತವಿಲ್ಲ ಎನ್ನುತ್ತದೆ 19ನೆಯ ವಿಧಿ. 1956ರ ಸೂಯೆಜ್ ಕದನದ ತರುವಾಯ ಈಜಿಪ್ಟಿನಲ್ಲಿ ನಿಂತ ಶಾಂತಿಪಡೆಗೂ 1960ರಲ್ಲಿ ಕಾಂಗೋಗೆ ಹೋದ ಪಡೆಗೂ ಸೋವಿಯತ್ ಒಕ್ಕೂಟ ತನ್ನ ಪಾಲು ಕೊಡಲಿಲ್ಲ. ಸೂಯೆಜಿನ ಮೇಲೆ ಏರಿಹೋದವರೇ ಅದರ ಖರ್ಚನ್ನು ಹೊರಲಿ ಎಂಬುದು ಅದರ ವಾದ. ಕಾಂಗೋ ಪಡೆಯ ವೆಚ್ಚವನ್ನು ಫ್ರಾನ್ಸ್ ಕೂಡ ಒಪ್ಪಲಿಲ್ಲ. ಕಾಂಗೋದಲ್ಲಿದ್ದ ಸೈನಿಕರು ಒಂದು ಹಂತದಲ್ಲಿ 20 ಸಾವಿರ ಮುಟ್ಟಿದ್ದರು. ತಿಂಗಳ ಖರ್ಚು ಸುಮಾರು 1 ಕೋಟಿ ಡಾಲರ್. ಸಂಸ್ಥೆಯ ಆಗಿನ ವಾರ್ಷಿಕ ಬಜೆಟ್ಟನ್ನೇ ಮೀರಿಸುವ ಹೊರೆ ಅದು. 1962ರ ಜುಲೈ 20ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ, ಇವು ಸಂಸ್ಥೆಯ ವೆಚ್ಚಗಳೇ ಸರಿ ಎಂದು 9–5ರ ಬಹುಮತದಿಂದ ಅಭಿಪ್ರಾಯ ಕೊಟ್ಟಿತು. ಆದರೂ ಬಾಕಿ ತೀರಲಿಲ್ಲ. ಸೋವಿಯತ್ ಒಕ್ಕೂಟದ ಮತ ಕಳೆಯಲೇಬೇಕೆಂದು ಅಮೆರಿಕ ಪಟ್ಟುಹಿಡಿಯಿತು.

ಈ ಕಥೆಯನ್ನು ಇಬ್ಬರು ದೈತ್ಯರ ಜಗಳವೆಂದೇ ಬರೆಯುವವರು ಹೆಚ್ಚು. ನನಗೆ ಮುಖ್ಯವಾಗಿ ಕಾಣುವವರು ಆ ಜಗಳದ ನಡುವೆ ಸಿಕ್ಕಿಬಿದ್ದ ಬಡ ದೇಶಗಳ ಪ್ರತಿನಿಧಿಗಳು.

1945ರಲ್ಲಿ 51 ಇದ್ದ ಸದಸ್ಯರ ಸಂಖ್ಯೆ 1964ರ ಕೊನೆಗೆ 115ಕ್ಕೆ ಏರಿತ್ತು. 1960ರ ಒಂದೇ ವರ್ಷದಲ್ಲಿ 17 ಹೊಸ ರಾಷ್ಟ್ರಗಳು ಬಂದವು. ಅವುಗಳಲ್ಲಿ 16 ಆಫ್ರಿಕದವು. ಧ್ವಜ ಹೊಸದು, ಬೊಕ್ಕಸ ಬರಿದು. ಅತಿ ಬಡ ದೇಶಕ್ಕೂ ಕನಿಷ್ಠ ವಂತಿಗೆ ಶೇ. 0.04 ಎಂದು 1946ರಲ್ಲೇ ಕಟ್ಟಳೆಯಾಗಿತ್ತು. 1964ರ ಬಜೆಟ್ ಸುಮಾರು 10 ಕೋಟಿ ಡಾಲರ್ ಆದ್ದರಿಂದ, ಆ ಲೆಕ್ಕದಲ್ಲಿ ಒಂದು ಸಣ್ಣ ದೇಶದ ಪಾಲು 40 ಸಾವಿರ ಡಾಲರಿನಷ್ಟಾಯಿತು. ವೈದ್ಯರನ್ನೂ ಶಿಕ್ಷಕರನ್ನೂ ಹೊರಗಿನಿಂದ ಕರೆಸಿಕೊಳ್ಳಬೇಕಾಗಿದ್ದ ದೇಶಗಳಿಗೆ ಅದು ಸಣ್ಣ ಮೊತ್ತವಲ್ಲ. ಅದರ ಮೇಲೆ ಕಾಂಗೋದ ಹೊರೆ.

ಹಣಕಾಸು ಮತ್ತು ಆಡಳಿತದ ವಿಷಯಗಳೆಲ್ಲ ಮಹಾಸಭೆಯ ಐದನೆಯ ಸಮಿತಿಗೆ ಸೇರಿದವು. ಪತ್ರಿಕೆಯವರು ಅಪರೂಪಕ್ಕೆ ಇಣುಕುವ ಆ ಕೊಠಡಿಯಲ್ಲಿ ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕದ ಪ್ರತಿನಿಧಿಗಳು ವರ್ಷದಿಂದ ವರ್ಷಕ್ಕೆ ಒಂದೇ ಮಾತನ್ನು ಊರುತ್ತ ಬಂದರು: ಭದ್ರತಾ ಮಂಡಳಿಯ ಕಾಯಂ ಪೀಠದಲ್ಲಿ ಕುಳಿತು ವೀಟೋ ಹಿಡಿದವರು ಶಾಂತಿಯ ಖರ್ಚಿನಲ್ಲೂ ಹಿರಿಯ ಪಾಲನ್ನು ಹೊರಬೇಕು. ಕೊಡುವುದಿಲ್ಲ ಎಂದು ಅವರು ಹೇಳಲಿಲ್ಲ. ತಮ್ಮ ತ್ರಾಣಕ್ಕೆ ತಕ್ಕಷ್ಟು ಕೊಡುತ್ತೇವೆ ಎಂದರು. 1961ರ ಏಪ್ರಿಲಿನಲ್ಲಿ ಕಾಂಗೋ ವೆಚ್ಚ ಹಂಚುವಾಗ ಅತಿ ಕಡಿಮೆ ತೆರುವವರಿಗೆ ಶೇ. 80ರಷ್ಟು ರಿಯಾಯಿತಿ ದೊರೆಯಿತು. ಆದರೆ ಅದು ಆ ಹೊತ್ತಿನ ಕೃಪೆ, ಹಕ್ಕಲ್ಲ. 1963ರ ಮೇ ತಿಂಗಳಲ್ಲಿ ಹಣದ ಮುಗ್ಗಟ್ಟಿಗೆಂದೇ ವಿಶೇಷ ಅಧಿವೇಶನ ಕರೆದಾಗ ಅವರು ಹಕ್ಕನ್ನೇ ಕೇಳಿದರು. ಹಿಂದುಳಿದ ದೇಶಗಳ ತ್ರಾಣ ಕಡಿಮೆ, ಕಾಯಂ ಸದಸ್ಯರ ಹೊಣೆ ವಿಶೇಷ ಎಂಬ ತತ್ವ ಜೂನ್ 27ರಂದು ನಿರ್ಣಯದ ರೂಪ ತಳೆಯಿತು. ತತ್ವವೇನೋ ಬರಹಕ್ಕೆ ಬಂತು. ಅಂಕಿಗಳು ಬರಲು ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

ಒಂದು ದೇಶಕ್ಕೆ ಒಂದು ಮತ ಎಂಬುದನ್ನು ಇವರು ಪ್ರಾಣದಂತೆ ಕಾಯ್ದುಕೊಂಡದ್ದಕ್ಕೆ ಹಿಂದಿನ ಒಂದು ಅನುಭವವೂ ಕಾರಣ. 1949ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ವಿ. ಕೆ. ಆರ್. ವಿ. ರಾವ್ ಬಡ ದೇಶಗಳಿಗೆ ಸುಲಭ ಷರತ್ತಿನ ಸಾಲ ಕೊಡುವ ಹೊಸ ಅಂಗವೊಂದನ್ನು ವಿಶ್ವಸಂಸ್ಥೆಯೊಳಗೇ ಕಟ್ಟಬೇಕೆಂದರು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರು ಇದೇ ರಾವ್. ಸಿರಿವಂತ ದೇಶಗಳು ಸುಮಾರು ಹತ್ತು ವರ್ಷ ಒಪ್ಪಲಿಲ್ಲ. 1958ರಲ್ಲಿ ಸಿಕ್ಕಿದ್ದು ಸಮೀಕ್ಷೆಗೂ ತರಬೇತಿಗೂ ಸಾಲುವಷ್ಟರ ವಿಶೇಷ ನಿಧಿ. ದೊಡ್ಡ ಸಾಲದ ಕೆಲಸ 1960ರಲ್ಲಿ ವಿಶ್ವಬ್ಯಾಂಕಿನ ಅಂಗಳಕ್ಕೆ ಹೋಯಿತು. ಅಲ್ಲಿ ಹೆಚ್ಚು ಬಂಡವಾಳ ಹೂಡಿದವರಿಗೆ ಹೆಚ್ಚು ಮತ. ಹಣದ ಮೇಲೆ ಎಲ್ಲರಿಗೂ ಸಮನಾದ ಮತವಿದ್ದ ಮನೆಯೆಂದರೆ ಮಹಾಸಭೆ ಒಂದೇ.

ಆ ಮನೆಯಲ್ಲೇ 1964ರ ಚಳಿಗಾಲದಲ್ಲಿ ಮತಕ್ಕೆ ಬೀಗ ಬಿದ್ದಿತ್ತು. ಆಫ್ರಿಕ–ಏಷ್ಯಾ ಬಣ ಸಂಧಾನಕ್ಕೆ ಇಳಿಯಿತು. 19ನೆಯ ವಿಧಿಯ ಮಾತು ಎತ್ತುವುದು ಬೇಡ, ಯಾರ ನಿಲುವಿಗೂ ಬಾಧಕವಾಗದಂತೆ ಎಲ್ಲರೂ ಸ್ವಇಚ್ಛೆಯಿಂದ ಹಣ ಹಾಕಿ ಸಂಸ್ಥೆಯನ್ನು ಉಳಿಸೋಣ ಎಂದಿತು. ಕ್ವೇಸನ್-ಸ್ಯಾಕಿ ಮತ್ತು ಮಹಾಕಾರ್ಯದರ್ಶಿ ಬರ್ಮಾದ ಊ ಥಾಂಟ್ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಎಡತಾಕಿದರು. ಯಾರದೂ ಆಕ್ಷೇಪವಿಲ್ಲದ ವಿಷಯ ಮಾತ್ರ ಮುಂದೆ ಸಾಗುತ್ತಿತ್ತು. ಭದ್ರತಾ ಮಂಡಳಿಯ ತೆರವಾದ ಸ್ಥಾನಗಳಿಗೆ ಯಾರು ಬೇಕೆಂಬುದನ್ನು ಪ್ರತಿನಿಧಿಗಳು ಅಧ್ಯಕ್ಷರಿಗೆ ಗುಟ್ಟಾಗಿ ತಿಳಿಸಿದರು.

ಆ ಬೀಗದ ನಡುವೆಯೂ ಬಡ ದೇಶಗಳು ಒಂದು ಫಲ ಪಡೆದವು. ಅದೇ ವರ್ಷದ ಜೂನ್ 15ರಂದು ಜಿನೀವಾದಲ್ಲಿ, ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ಮುಗಿಯುವ ಹೊತ್ತಿಗೆ, ಎಪ್ಪತ್ತೇಳು ರಾಷ್ಟ್ರಗಳು ಒಂದು ಕೂಟವಾಗಿ ನಿಂತಿದ್ದವು. ಆ ಸಮ್ಮೇಳನವನ್ನು ವಿಶ್ವಸಂಸ್ಥೆಯ ಕಾಯಂ ಅಂಗವಾಗಿಸುವ ನಿರ್ಣಯ ಡಿಸೆಂಬರ್ 30ರಂದು ಒಂದೂ ಮತವಿಲ್ಲದೆ ಅಂಗೀಕಾರವಾಯಿತು. ಎದುರಾಡುವ ಮನಸ್ಸಿದ್ದವರೂ ಅಂದು ಮೌನವಾಗಿದ್ದರು. ಎದುರಾಡಿದರೆ ಮತಕ್ಕೆ ಹೋಗಬೇಕಾಗುತ್ತಿತ್ತು.

1965ರ ಫೆಬ್ರವರಿಯಲ್ಲಿ ಅಲ್ಬೇನಿಯ ಎದ್ದು ನಿಂತು, ಹೆಸರು ಕರೆದು ಮತ ಹಾಕಿಸಿ ಎಂದು ಪಟ್ಟುಹಿಡಿಯಿತು. 18ರಂದು ಒಂದೇ ಒಂದು ಮತ ಎಣಿಕೆ ನಡೆಯಿತು: ಅಧ್ಯಕ್ಷರ ಪರ 97, ವಿರುದ್ಧ 2, ತಟಸ್ಥರು 13. ಇದು ಬರಿಯ ಕ್ರಮದ ಪ್ರಶ್ನೆ ಎಂದು ಅಮೆರಿಕ ಸುಮ್ಮನಾಯಿತು. ಹಿಂದಿನ ವರ್ಷದ ಮಟ್ಟದಲ್ಲೇ ಖರ್ಚು ನಡೆಸಲು ಮಹಾಕಾರ್ಯದರ್ಶಿಗೆ ಅನುಮತಿ ಕೊಟ್ಟು, ಶಾಂತಿಪಡೆಗಳ ಪ್ರಶ್ನೆಗೆ ಮೂವತ್ತಮೂರು ರಾಷ್ಟ್ರಗಳ ಸಮಿತಿ ನೇಮಿಸಿ ಸಭೆ ಚದುರಿತು. ಆಗಸ್ಟ್ 16ರಂದು ಆ ಸಮಿತಿಯ ಮುಂದೆ ಅಮೆರಿಕದ ಆರ್ಥರ್ ಗೋಲ್ಡ್‌ಬರ್ಗ್, ತಮ್ಮ ದೇಶ ಇನ್ನು 19ನೆಯ ವಿಧಿಯನ್ನು ಹಿಡಿದು ನಿಲ್ಲುವುದಿಲ್ಲ ಎಂದು ಸಾರಿದರು. ಬೇಕಾದಾಗ ಇದೇ ಬಗೆಯ ವಿನಾಯಿತಿಯನ್ನು ತಾವೂ ಪಡೆಯುವ ಹಕ್ಕನ್ನು ಕಾದಿರಿಸಿಕೊಂಡರು. ಆ ಮಾತಿನ ಭಾರ ಏನೆಂಬುದು ಎರಡು ದಶಕಗಳ ನಂತರ, ಅಮೆರಿಕ ತಾನೇ ವಂತಿಗೆ ತಡೆಹಿಡಿದಾಗ ತಿಳಿಯಿತು.

1973ರ ಅಕ್ಟೋಬರ್ ಕದನದ ಬೆನ್ನಿಗೆ ಸಿನಾಯ್‌ಗೆ ಮತ್ತೆ ಶಾಂತಿಪಡೆ ಹೊರಟಿತು. ಹತ್ತು ವರ್ಷದ ಹಿಂದಿನ ತತ್ವಕ್ಕೆ ಅಂಕಿ ತೊಡಿಸುವ ಕಾಲ ಕೂಡಿಬಂತು. ಡಿಸೆಂಬರ್ 11ರ ನಿರ್ಣಯ ಆರು ತಿಂಗಳ ಖರ್ಚೆಂದು 3 ಕೋಟಿ ಡಾಲರ್ ಗೊತ್ತುಪಡಿಸಿ ಸದಸ್ಯರನ್ನು ನಾಲ್ಕು ಗುಂಪಾಗಿ ವಿಂಗಡಿಸಿತು. ಕಾಯಂ ಸದಸ್ಯರ ಮೇಲೆ 1,89,45,000 ಡಾಲರ್. ಇತರ ಸಿರಿವಂತ ದೇಶಗಳ ಮೇಲೆ 1,04,34,000. ಅಭಿವೃದ್ಧಿಶೀಲ ದೇಶಗಳೆಲ್ಲವೂ ಸೇರಿ 6,06,000. ನೇಪಾಳ, ಮಾಲಿ, ಮಲಾವಿ, ಹೈಟಿಯಂಥ ಅತಿ ಬಡ ದೇಶಗಳು ಒಟ್ಟಾಗಿ 15,000. ಒಂದೊಂದರ ಪಾಲು ಸರಾಸರಿ ಸಾವಿರ ಡಾಲರನ್ನೂ ಮುಟ್ಟದು. ಪಾಲು ಇಷ್ಟು ಕಿರಿದಾದರೂ ಸಭೆಯಲ್ಲಿ ಅವರ ಮತ ಮಾಸ್ಕೋ, ವಾಷಿಂಗ್ಟನ್‌ಗಳ ಮತಕ್ಕೆ ಸಮನಾಗಿಯೇ ಉಳಿಯಿತು.

ಆ ಪಡೆಯೊಡನೆ ಕ್ವೇಸನ್-ಸ್ಯಾಕಿಯವರ ಘಾನಾದ ಸೈನಿಕರೂ ಸಿನಾಯ್‌ನ ಮರಳಿಗೆ ಬಂದಿಳಿದರು. 1974ರಲ್ಲಿ, ಪಟ್ಟಿಯ ಕೊನೆಯ ಗುಂಪಿನಲ್ಲಿದ್ದ ನೇಪಾಳವೂ ತನ್ನ ತುಕಡಿಯನ್ನು ಅಲ್ಲಿಗೆ ಕಳುಹಿಸಿತು.