ಸೆರಗಿನ ಕೊಂಡಿ

ಬಾದಾಮಿಗೆ ಹೋದವರು ಮೇಣಬಸದಿಗಳನ್ನು ನೋಡಿ, ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತು ಬಸ್ಸು ಹಿಡಿಯುತ್ತಾರೆ. ಕಪ್ಪೆ ಅರಭಟ್ಟನ ಶಾಸನದ ತನಕ ನಡೆದು ಹೋಗುವವರು ಕಡಿಮೆ. ಸುಮಾರು ಕ್ರಿ.ಶ. 700ರ ಆ ಬಂಡೆಬರಹದಲ್ಲಿ ಕನ್ನಡದ ತ್ರಿಪದಿ ಇದೆ. ನಮ್ಮ ಅವ್ವಂದಿರು, ಅತ್ತೆಯಂದಿರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದೂ ತ್ರಿಪದಿಯನ್ನೇ. ಹಳೆಯ ಲಿಪಿ ಬಲ್ಲವರು ಇಂದಿಗೂ ಆ ಬಂಡೆಯ ಮುಂದೆ ನಿಂತು ಓದಬಹುದು. ಆದರೆ ಈಗ್ಗೆ ಇಪ್ಪತ್ತೈದು ವರ್ಷಗಳ ಹಿಂದೆ ಡಿ.ಟಿ.ಪಿ. ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿದ್ದನ್ನು ಇವತ್ತಿನ ಗಣಕಯಂತ್ರದಲ್ಲಿ ಓದಲಾದೀತೆಂದು ಯಾರೂ ಭರವಸೆ ಕೊಡಲಾರರು.

ನಮ್ಮ ಅತ್ತೆಯವರು ಹುನಗುಂದದ ಕಡೆಯವರು. ಅವರ ಬಾಯಿಂದ ಕೇಳಿ ಬೀಸುವ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೆ. 2001ರಲ್ಲಿ ಅವನ್ನು ಟೈಪ್ ಮಾಡಿಸಿದ್ದೂ ಆಯಿತು. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಎಷ್ಟೋ ಮನೆಗಳು ಮುಳುಗಡೆಯಾದವಲ್ಲ, ಆಗ ನಾವೂ ನವನಗರಕ್ಕೆ ಬಂದೆವು. ಆ ಗದ್ದಲದಲ್ಲಿ ನೋಟುಬುಕ್ಕು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅತ್ತೆಯವರೂ ತೀರಿಕೊಂಡರು. ಉಳಿದದ್ದು ಆ ಫೈಲು ಒಂದೇ. ಮಗ ತನ್ನ ಲಿನಕ್ಸ್ ಯಂತ್ರದಲ್ಲಿ ಅದನ್ನು ತೆರೆದಾಗ ಪರದೆಯ ತುಂಬ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ಪರಂಗಿ ಅಕ್ಷರಗಳು.

"ಹಾಡೆಲ್ಲಾ ಹೋದೂವೇನೋ?" ಎಂದೆ.

"ಫೈಲ್ ಕೆಟ್ಟಿಲ್ಲವ್ವಾ, ಇದಕ್ಕ ಬೇಕಾದ ಫಾಂಟ್ ಈ ಮಷಿನ್ನಿನ್ಯಾಗ ಇಲ್ಲ," ಎಂದ.

ಇದರ ಗುಟ್ಟು ತಿಳಿಯಬೇಕಾದರೆ 'ಸ್ತ್ರೀ' ಎಂಬ ಒಂದೇ ಅಕ್ಷರ ಸಾಕು. ಆ ಕಾಲದ ಕನ್ನಡ ಫಾಂಟುಗಳು ಅಕ್ಷರವನ್ನು ಉಳಿಸಿಡುತ್ತಿರಲಿಲ್ಲ, ಅದರ ಚಿತ್ರದ ತುಣುಕುಗಳನ್ನು ಇಡುತ್ತಿದ್ದವು. ಗುಡಿಸು ಹೊತ್ತ 'ಸಿ', ಕೆಳಗೆ ತ ಒತ್ತು, ರ ಒತ್ತು, ಪಕ್ಕಕ್ಕೆ ದೀರ್ಘ. ಒಂದೊಂದು ತುಣುಕೂ ಇಂಗ್ಲಿಷಿನ ಯಾವುದೋ ಅಕ್ಷರದ ಜಾಗದಲ್ಲಿ ಬಾಡಿಗೆಗೆ ಕುಳಿತಿರುತ್ತಿತ್ತು. ಆ ಫಾಂಟು ಇರುವ ತನಕ ಕಣ್ಣಿಗೆ ಕನ್ನಡ. ಫಾಂಟು ತೆಗೆದರೆ ಬಾಡಿಗೆ ಮನೆಯ ಹಳೆಯ ಯಜಮಾನರು ಹೊರಬರುತ್ತಾರೆ. ಒಂದು ಕಂಪನಿಯ ತುಣುಕು ಇನ್ನೊಂದು ಕಂಪನಿಯದಕ್ಕೆ ಹೊಂದುತ್ತಲೂ ಇರಲಿಲ್ಲ.

ಹಳಬರು ಬರಹವನ್ನು ಬೇರೆ ನೆಲಕ್ಕೆ ಸಾಗಿಸಿದ್ದು ಹೀಗಲ್ಲ. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವ ತನಕ ನಾವೆಲ್ಲ ವಿಜಾಪುರ ಜಿಲ್ಲೆಯವರು. ಆ ವಿಜಾಪುರದಲ್ಲಿ ಕುಳಿತು ಫ.ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಊರೂರು ತಿರುಗಿ ಕೂಡಿಸಿದರು. ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಗರಿಯಿಂದ ಸೀಸದ ಅಚ್ಚಿಗೆ ವಚನ ದಾಟಿತು; ಗರಿ ಕೊರೆದವನ ಕೈಬರಹ ದಾಟಲಿಲ್ಲ, ದಾಟಬೇಕಾಗಿಯೂ ಇರಲಿಲ್ಲ. ಅಕ್ಷರ ಬೇರೆ, ಅದರ ಆಕಾರ ಬೇರೆ ಎಂಬುದು ಮೊಳೆ ಜೋಡಿಸುವ ಹುಡುಗನಿಗೂ ಗೊತ್ತಿತ್ತು.

ಗಣಕಯಂತ್ರದ ಕನ್ನಡದಲ್ಲಿ ಈ ಮಾತನ್ನು ಹಿಡಿದು ಕೆಲಸ ಮಾಡಿದವರು ಕಿನ್ನಿಕಂಬಳ ಪದ್ಮನಾಭರಾಯರು, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಮಾಡಿದ ತಂತ್ರಾಂಶವನ್ನು ಅವರು ಕಾಸು ಕೇಳದೆ ಕೊಟ್ಟರು. ಅವರ ಕೀಲಿಮಣೆಯಲ್ಲಿ ಒತ್ತುಗಳಿಗೆ ಪ್ರತ್ಯೇಕ ಕೀಲಿಗಳೇ ಇಲ್ಲ. ವ್ಯಂಜನ, ಜೋಡಿಸುವ ಕೀಲಿ, ಮತ್ತೆ ವ್ಯಂಜನ, ಕೊನೆಗೆ ಸ್ವರ. ಕನ್ನಡ ಗಣಕ ಪರಿಷತ್ತಿನ ಮೂಲಕ ಬಂದು ಸರಕಾರ ಒಪ್ಪಿದ ವಿನ್ಯಾಸವೂ ಇದನ್ನೇ ಆಧರಿಸಿದ್ದು. ಅದರಲ್ಲಿ 'ಸ್ತ್ರೀ' ಬರೆಯಲು ಎಸ್, ಎಫ್, ಟಿ, ಎಫ್, ಆರ್, ದೊಡ್ಡ ಐ, ಹೀಗೆ ಆರು ಸಲ ಒತ್ತಬೇಕು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಗತ್ತಿನ ಲಿಪಿಪಟ್ಟಿಯಲ್ಲಿ ಕನ್ನಡಕ್ಕೆ 128 ಮನೆಗಳು ಸಿಕ್ಕವು. ಅದರ ಪ್ರಕಾರವೂ 'ಸ್ತ್ರೀ' ಎಂದರೆ ಸ, ವಿರಾಮ, ತ, ವಿರಾಮ, ರ, ಈಕಾರ. ಲೆಕ್ಕ ಹಾಕಿ ನೋಡಿ, ಇಲ್ಲಿಯೂ ಆರೇ. ಶಾಲೆಯಲ್ಲಿ ಕಾಗುಣಿತ ಕಲಿಸಿದ ಅಕ್ಕೋರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಆದರೂ ಊರಿನ ಅಂಗಡಿಗೆ ಅದು ಬರಲು ಬಹಳ ದಿನ ಹಿಡಿಯಿತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು, ಅನಂತರ ಗಣಕ ಪರಿಷತ್ತಿನ 'ನುಡಿ'. ಕನ್ನಡಿಗರ ಕೈಗೆ ಗಣಕವನ್ನು ಕೊಟ್ಟ ಪುಣ್ಯ ಇವೆರಡರದು. ಆದರೆ ಮೊದಲಿಗೆ ಇವು ವಿಂಡೋಸ್ ಎಂಬ ಒಂದೇ ಅಂಗಳದ ಗಿಡಗಳು. ಆ ವಿಂಡೋಸ್ ಕೂಡ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಿಂದ, 'ತುಂಗಾ' ಫಾಂಟು ಬಂದ ಮೇಲೆ.

ಸರಿ, ಅಕ್ಷರ ಅಕ್ಷರವಾಯಿತು. ಬರೆಯುವ ತಂತ್ರಾಂಶ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದರೆ ತಕರಾರಿಲ್ಲದೆ ನಡೆಯಬೇಕಲ್ಲ? ಇಲ್ಲಿ ನನಗೆ ಇಳಕಲ್ ಸೀರೆಯೇ ನೆನಪಾಗುತ್ತದೆ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ನೂಲಿನದಿರಬಹುದು, ಸೆರಗು ರೇಷ್ಮೆಯದು. ಕುಣಿಮಗ್ಗದ ಮೇಲೆ ಎರಡರ ಎಳೆಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸುತ್ತಾರೆ, ಅದೇ ಕೊಂಡಿ. ಕುಣಿಕೆ ಸಡಿಲಾದರೆ ಟೋಪತೆನಿ ಸೆರಗು ಎಷ್ಟು ಚಂದವಿದ್ದರೇನು, ಜೋಡಿಸಿದಲ್ಲಿ ಬಟ್ಟೆ ಸುಕ್ಕುಗಟ್ಟುತ್ತದೆ. ಹಲವು ವ್ಯವಸ್ಥೆಗಳಲ್ಲಿ ನಡೆಯುವ ತಂತ್ರಾಂಶದ ಒಡಲು ಎಲ್ಲ ಕಡೆ ಒಂದೇ. ಪರದೆಯ ಮೇಲೆ ಅಕ್ಷರ ಮೂಡಿಸುವ, ಕೀಲಿ ಒತ್ತಿದ್ದನ್ನು ಕೇಳಿಸಿಕೊಳ್ಳುವ ಭಾಗ ಆಯಾ ಯಂತ್ರದ್ದು. ತೊಂದರೆಯೆಲ್ಲ ಕೊಂಡಿಯಲ್ಲಿ.

ಸಾಲು ಮುರಿಯುವುದನ್ನೇ ತೆಗೆದುಕೊಳ್ಳಿ. ಟೈಪಿಂಗ್ ಕಲಿತವರಿಗೆ ಗೊತ್ತು, ಸಾಲು ಮುಗಿದೊಡನೆ ಎರಡು ಕೆಲಸ: ಗಾಡಿಯನ್ನು ಬಲಕ್ಕೆ ದೂಡಬೇಕು, ಕಾಗದವನ್ನು ಒಂದು ಸಾಲು ಮೇಲಕ್ಕೆ ಸುತ್ತಬೇಕು. ವಿಂಡೋಸ್ ಆ ಎರಡಕ್ಕೂ ಎರಡು ಗುರುತು ಬರೆದಿಡುತ್ತದೆ. ಲಿನಕ್ಸ್‌ಗೆ ಒಂದೇ ಗುರುತು ಸಾಕು. ಹೀಗಾಗಿ ಲಿನಕ್ಸ್‌ನಲ್ಲಿ ಬರೆದ ತ್ರಿಪದಿಯನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಮೂರು ಸಾಲೂ ಕೂಡಿ ಒಂದೇ ಉದ್ದನೆಯ ಸಾಲಾಗುತ್ತಿತ್ತು. ನೋಟ್‌ಪ್ಯಾಡ್ ಆ ಒಂಟಿ ಗುರುತನ್ನು ಒಪ್ಪಿಕೊಂಡದ್ದು 2018ರಲ್ಲಿ! ಟೈಪ್‌ರೈಟರುಗಳು ಗುಜರಿ ಸೇರಿದ ಮೇಲೂ ಅವುಗಳ ಜಗಳ ನಡೆದೇ ಇತ್ತು ನೋಡಿ.

ಎಲ್ಲ ಕಡೆ ನಡೆಯುವ ತಂತ್ರಾಂಶಗಳಲ್ಲಿ ಪ್ರಸಿದ್ಧವಾದದ್ದು ವಿಮ್. ಹಾಲೆಂಡಿನ ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಎಂಬ ಯಂತ್ರಕ್ಕಾಗಿ ಅದನ್ನು ಹೊರತಂದರು. ಮುಂದೆ ಅದು ಯುನಿಕ್ಸ್, ವಿಂಡೋಸ್ ಎಲ್ಲ ಸುತ್ತಿತು. ತಂತ್ರಾಂಶಕ್ಕೆ ಬೆಲೆಯಿಲ್ಲ, ಮನಸ್ಸಿದ್ದರೆ ಉಗಾಂಡಾದ ಅನಾಥ ಮಕ್ಕಳಿಗೆ ಸಹಾಯ ಮಾಡಿ ಎಂದು ಅವರು ಕೇಳಿಕೊಂಡಿದ್ದರು. 2023ರಲ್ಲಿ ತೀರಿಕೊಂಡ ಈ ಮನುಷ್ಯನ ಬಗೆಗೆ ನನಗೆ ಬಹಳ ಗೌರವ. ಆದರೆ ಕನ್ನಡಕ್ಕೆ ಅವರ ಮಗ್ಗ ಒಗ್ಗುವುದಿಲ್ಲ. ಅದು ನಡೆಯುವ ಟರ್ಮಿನಲ್ ಕಿಟಕಿಯಲ್ಲಿ ಒಂದಕ್ಷರಕ್ಕೆ ಒಂದು ಚೌಕ. ನಮ್ಮ ಒತ್ತು, ಗುಡಿಸುಗಳು ಆ ಚೌಕದಲ್ಲಿ ಹಿಡಿಸದೆ ಚದುರಿ ನಿಲ್ಲುತ್ತವೆ.

ನಾನು ಹಾಡುಗಳನ್ನು ತಿದ್ದಲು ಇಟ್ಟುಕೊಂಡದ್ದು ಲಿಬ್ರೆ ಆಫೀಸ್. 2010ರಿಂದ ಈ ಹೆಸರಿನಲ್ಲಿ ಬೆಳೆದ ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲು ಇದೂ ಅಕ್ಷರ ಕೂಡಿಸುವ ಕೆಲಸವನ್ನು ಆಯಾ ಯಂತ್ರಕ್ಕೇ ಬಿಟ್ಟಿತ್ತು. ಒಂದೇ ಪುಟ ಇಲ್ಲಿ ಒಂದು ಬಗೆ, ಅಲ್ಲಿ ಇನ್ನೊಂದು ಬಗೆ ಕಾಣುತ್ತಿದ್ದುದು ಅದಕ್ಕೇ. 2017ರ 5.3ನೆಯ ಆವೃತ್ತಿಯಿಂದ ಮೂರೂ ಕಡೆ 'ಹಾರ್ಫ್‌ಬಜ್' ಎಂಬ ಒಂದೇ ಯಂತ್ರಕ್ಕೆ ಆ ಕೆಲಸ ವಹಿಸಿದರು. ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಹ್‌ಬೋದ್ ಬೆಳೆಸಿದ ತಂತ್ರ ಅದು. ಹೆಸರೂ ಪಾರಸಿಯದೇ, ಹರ್ಫ್ ಎಂದರೆ ಅಕ್ಷರವೆಂದು ನಮ್ಮ ಓಣಿಯ ಉರ್ದು ಮಾತಾಡುವ ಹೆಣ್ಣುಮಕ್ಕಳಿಗೂ ಗೊತ್ತು. ಅಂದಿನಿಂದ 'ಸ್ತ್ರೀ' ಎಲ್ಲಿ ಹೋದರೂ ಒಂದೇ ಕೈಯಲ್ಲಿ ಸಿಂಗಾರಗೊಳ್ಳುತ್ತದೆ.

ಹಳೆಯ ಫೈಲಿನ ಗತಿ? ಹಳೆ ಫಾಂಟಿನ ತುಣುಕುಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಗುಬ್ಬಿ, ನವಿಲು ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಅವರದೂ ಒಂದು ಇದೆ, ಎಲ್ಲರಿಗೂ ಉಚಿತ. ಅದರಂಥ ಒಂದರಲ್ಲಿ ಮಗ ಫೈಲನ್ನು ಹಾಕಿ ತೆಗೆದ. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು, ಎರಡು ಕಡೆ ದೀರ್ಘ ಕಳಚಿತ್ತು. ಅವನ್ನು ಸರಿಪಡಿಸಲು ನನಗೆ ಕಾಗದ ಬೇಕಾಗಲಿಲ್ಲ, ಹಾಡು ಕಿವಿಯಲ್ಲಿತ್ತು. ಬೀಸುತ್ತ ಹಾಡುವ ಧಾಟಿಯಲ್ಲಿ ಗುನುಗಿಕೊಂಡರೆ ಎಲ್ಲಿ ಮಾತ್ರೆ ತಪ್ಪಿದೆಯೆಂಬುದು ತಾನಾಗಿ ತಿಳಿಯುತ್ತಿತ್ತು.

ಈಗ ಉಳಿದಿರುವ ಕಿರಿಕಿರಿ ಒಂದೇ. ಕಾಗುಣಿತ ನೋಡುವ ಸೌಕರ್ಯವನ್ನು ಹಾಕಿದರೆ ಅತ್ತೆಯವರ 'ಹ್ಯಾಂಗ', 'ಯಾಕವ್ವ', 'ಬರತೇನಿ' ಎಲ್ಲದರ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಅದನ್ನು ಆರಿಸಿಯೇ ಬರೆಯುತ್ತೇನೆ.