ಔಷಧಜನ್ಯ ಹೃದಯಲಯದೋಷ ಮತ್ತು ಮೆಗ್ನೀಸಿಯಂ

ಹೃದಯದ ಲಯವನ್ನು ಸರಿಪಡಿಸಲೆಂದು ನೀಡುತ್ತಿದ್ದ ಕ್ವಿನಿಡಿನ್, ಕೆಲವರಲ್ಲಿ ಲಯವನ್ನೇ ಕೆಡಿಸಿ ಮೂರ್ಛೆ ತರುತ್ತಿದ್ದುದನ್ನು 1964ರಲ್ಲಿ ಸೆಲ್ಜರ್ ಮತ್ತು ರೇ ದಾಖಲಿಸಿದರು. 1966ರಲ್ಲಿ ಫ್ರೆಂಚ್ ವೈದ್ಯ ದೆಸೆರ್ತೆನ್, ವಿದ್ಯುಲ್ಲೇಖದ ಅಲೆಗಳು ನಡುರೇಖೆಯ ಸುತ್ತ ತಿರುಚಿಕೊಳ್ಳುವ ಲಯದೋಷವನ್ನು ‘ತೊರ್ಸಾದ್ ದ ಪ್ವಾಂತ್’ ಎಂದು ಕರೆದನು. ಆತನು ವರ್ಣಿಸಿದ ರೋಗಿ ಹೃದಯತಡೆಯಿದ್ದ ವೃದ್ಧೆ. ಔಷಧಗಳೂ ಇದೇ ವಿಕಾರಕ್ಕೆ ಕಾರಣವೆಂಬುದು ನಿಚ್ಚಳವಾದದ್ದು ತರುವಾಯ.

ಡಿಜಿಟಾಲಿಸ್ ತಂದ ಲಯದೋಷಕ್ಕೆ ಮೆಗ್ನೀಸಿಯಂ ಸಲ್ಫೇಟನ್ನು 1935ರಷ್ಟು ಹಿಂದೆಯೇ ಜ್ವಿಲಿಂಗರ್ ಪ್ರಯೋಗಿಸಿದ್ದನು. ಆದರೆ ತೊರ್ಸಾದ್ ಚಿಕಿತ್ಸೆಯಲ್ಲಿ ಅದಕ್ಕೆ ಸ್ಥಾನ ದೊರಕಿಸಿದ್ದು 1988ರಲ್ಲಿ ತ್ಸಿವೋನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. 12 ರೋಗಿಗಳ ಪೈಕಿ 9 ಮಂದಿಯಲ್ಲಿ 2 ಗ್ರಾಂನ ಒಂದೇ ಚುಚ್ಚುಮದ್ದು ಐದು ನಿಮಿಷದೊಳಗೆ ಫಲಿಸಿತು. ಉಳಿದ ಮೂವರಿಗೆ ಎರಡನೆಯದು ಬೇಕಾಯಿತು. ಹೋಲಿಕೆಗೆ ಚಿಕಿತ್ಸೆಯಿಲ್ಲದ ಗುಂಪು ಇರಲಿಲ್ಲ. ಸಾವಿನಂಚಿನ ರೋಗಿಯನ್ನು ಹಾಗೆ ಬಿಡುವುದಾದರೂ ಹೇಗೆ? ವಿಚಿತ್ರವೆಂದರೆ, ದೀರ್ಘಗೊಂಡ ಕ್ಯೂಟಿ ಅವಧಿ ಗಣನೀಯವಾಗಿ ತಗ್ಗದೆಯೇ ಲಯದೋಷ ಅಡಗಿತ್ತು.