ಪದ ಪರಿಚಯ: ನಿರೀಕ್ಷೆ

‘ನಿರೀಕ್ಷೆ’ ಸಂಸ್ಕೃತ ಮೂಲದ ಪದ. ‘ಈಕ್ಷ್’ ಎಂದರೆ ನೋಡು. ‘ನಿರ್’ ಉಪಸರ್ಗ ಸೇರಿ ಕಣ್ಣಿಟ್ಟು ನೋಡುವುದು, ಎದುರು ನೋಡುವುದು ಎಂಬ ಅರ್ಥ ಬಂತು. ಕಂದಾಯ ನಿರೀಕ್ಷಕ, ನಿರೀಕ್ಷಣಾ ಜಾಮೀನು ಎಂಬ ಬಳಕೆಗಳೂ ಇದೇ ಬೇರಿನವು. ಕನ್ನಡ ಬೈಬಲ್ಲಿನಲ್ಲಿ ಗ್ರೀಕಿನ ‘ಎಲ್ಪಿಸ್’ಗೆ ಈ ಪದ ನಿಂತಿದೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅದರ ಜಾಗ ನಂಬಿಕೆ, ಪ್ರೀತಿಗಳ ನಡುವೆ. ಈ ಆಯ್ಕೆ ಸರಿಯಾದದ್ದೇ. ಆಸೆ ನಮ್ಮ ಬಯಕೆಯಿಂದ ಹುಟ್ಟುತ್ತದೆ. ನಿರೀಕ್ಷೆ ಮಾತು ಕೊಟ್ಟವನನ್ನು ನಂಬಿ ಕಾಯುತ್ತದೆ.

ನೊಂದವರ ಮುಂದೆ ನಿರೀಕ್ಷೆಯ ಮಾತಾಡಿದರೆ ದುಃಖವನ್ನು ಮುಚ್ಚಿಹಾಕಿದಂತಾಗದೇ ಎಂಬ ಆಕ್ಷೇಪವಿದೆ. ಲೂಕನ ಸುವಾರ್ತೆಯ 24ನೇ ಅಧ್ಯಾಯ ಅದಕ್ಕೆ ಉತ್ತರ. ಯೇಸುವಿನ ಮರಣದಿಂದ ಕಂಗೆಟ್ಟ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹುವಿಗೆ ಹೊರಟಿದ್ದಾರೆ. ತಮ್ಮ ನಿರೀಕ್ಷೆಯನ್ನು ಕಳೆದುಹೋದದ್ದೆಂಬಂತೆ ಭೂತಕಾಲದಲ್ಲಿ ಹೇಳುತ್ತಾರೆ. ಗುರುತು ಸಿಗದಂತೆ ಜೊತೆಗೂಡಿದ ಯೇಸು ಮೊದಲು ಏನಾಯಿತೆಂದು ಕೇಳುತ್ತಾನೆ, ಅವರು ಹೇಳಿ ಮುಗಿಸುವವರೆಗೆ ಕಿವಿಗೊಡುತ್ತಾನೆ. ಬಳಿಕವಷ್ಟೇ ಅವರ ಮಂದಬುದ್ಧಿಯನ್ನು ಗದರಿಸಿ ಪ್ರವಾದಿಗಳ ಮಾತನ್ನು ವಿವರಿಸುತ್ತಾನೆ. ಪೇತ್ರನ ಮೊದಲ ಪತ್ರವೂ ನಿರೀಕ್ಷೆಗೆ ಆಧಾರವೇನೆಂದು ಕೇಳಿದವರಿಗೆ ಸೌಮ್ಯವಾಗಿ ಉತ್ತರಿಸಲು ಹೇಳುತ್ತದೆ. ಕೇಳದವರ ಮೇಲೆ ಸಮಾಧಾನ ಹೇರುವುದು ಆ ಪತ್ರದ ದಾರಿಯಲ್ಲ. ನಿರಾಶೆಯ ಕಾಲದಲ್ಲಿ ಕ್ರೈಸ್ತ ಸಂಭಾಷಣೆ ಆಲಿಸುವುದರಿಂದಲೇ ಶುರುವಾಗಬೇಕು. ಆಗ ಮಾತ್ರ ನಿರೀಕ್ಷೆಯ ಮಾತಿಗೆ ತೂಕ ಬರುತ್ತದೆ.